ಎರಡು ದಿನದ ಸೈನ್ಸ್ ವರ್ಕ್‌ಶಾಪ್: ತೊಗರಿ ಬೇರಿಗೆ ಐದು ಸ್ಟಾರ್, ಭಾಷಣಕ್ಕ ಒಂದೂ ಇಲ್ಲ

ಗಣಪತಿ ಹಬ್ಬ ಮುಗಿದ ಮ್ಯಾಲ ಬಂದ ಶನಿವಾರ, ಐತವಾರ ಕಲಬುರಗಿ ಸೇಡಂ ರೋಡಿನ ಒಂದು ಹಾಲ್‌ನ್ಯಾಗ ಪ್ರೈಮರಿ ಹುಡುಗೂರಿಗಂತ ಸೈನ್ಸ್ ವರ್ಕ್‌ಶಾಪ್ ಇಟ್ಟಿದ್ರು. ಒಬ್ಬರಿಗೆ 600 ರೂಪಾಯಿ. ವಿಜ್ಞಾನದಾಗ ಏನೇನು ಕೆಲಸ ಅವ ಅಂತ ಮಕ್ಕಳಿಗೆ ಕೈಯಿಂದ ಮಾಡ್ಸಿ ತೋರಿಸ್ತೀವಿ ಅಂತ ಬ್ಯಾನರ್ ಹಾಕಿದ್ರು. ನಾ ಅರ್ಧ ನಂಬಿಕಿ ಇಲ್ದೇನ ರೊಕ್ಕ ಕಟ್ಟಿದೆ, ಯಾಕಂದ್ರ ಇಂಥಾವು ಬಾಳ ನೋಡೀನಿ, ಬಲೂನ್ ಊದಿ, ಒಂದು ಫೋಟೊ ತೆಗೆದು, ಸರ್ಟಿಫಿಕೇಟ್ ಕೊಟ್ಟು ಮನಿಗೆ ಕಳಸ್ತಾರ. ನಾಲ್ಕನೇತ್ತ ಓದೋ ನನ್ನ ಮಗಳು, ಮತ್ತ ಅಫಜಲಪುರದಿಂದ ಬಂದಿದ್ದ ಅಣ್ಣನ ಮಗ, ಅಂವ ಎರಡನೇತ್ತ, ಇಬ್ಬರನ್ನೂ ಕರ್ಕೊಂಡು ಹೋಗಿದ್ದೆ.

ಮೊದಲ ತಾಸು ಹಾಳಾಯ್ತು. ಅತಿಥಿಗಳು ಬರೋತನ ಕುಂದ್ರಿಸಿದ್ರು, ಬಂದ ಮ್ಯಾಲ ಶಾಲು, ಹಾರ, ಭಾಷಣ. ಏಳು ವರ್ಷದ ಹುಡುಗೂರಿಗೆ ಮೈಕ್ ಹಿಡಿದು 'ರಾಷ್ಟ್ರ ನಿರ್ಮಾಣ' ಅಂದ್ರ ಅವಕ್ಕೇನು ತಿಳೀತದ್ರಿ? ನಮ್ಮ ಹುಡುಗ ನಿದ್ದಿ ಹೊಡೆದ.

ಆಮ್ಯಾಲ ಗುಂಪು ಮಾಡಿ ಟೇಬಲ್‌ಗೆ ಕಳಿಸಿದ್ರು ನೋಡ್ರಿ, ಅಲ್ಲಿಂದ ಖರೆ ವರ್ಕ್‌ಶಾಪ್ ಶುರು ಆಯ್ತು.

ಮೊದಲನೇ ಟೇಬಲ್ ಕೃಷಿ ಕಡೀದು. ಹೊಲದಿಂದ ಮಣ್ಣು ಸಮೇತ ಕಿತ್ತು ತಂದ ತೊಗರಿ ಗಿಡ ಒಂದು ಬುಟ್ಟಿ ತುಂಬ ಇದ್ದು. ಬಕೆಟ್ ನೀರಿನ್ಯಾಗ ಬೇರು ಅದ್ದಿ ಎರಿ ಮಣ್ಣು ಸಾವಕಾಶ ತೊಳೀರಿ ಅಂದ್ರು, ತೊಳೆದ್ರ ಬೇರಿಗೆ ಸಣ್ಣ ಸಣ್ಣ ಗಂಟು. ಉಗುರಿನಿಂದ ಒಂದು ಗಂಟು ಒಡೀರಿ ಅಂದ್ರು, ಒಳಗ ಮಾಂಸದಂಗ ನಸುಗೆಂಪು! ಹುಡುಗೂರು ಒಮ್ಮೆಲೇ ಚೀರಿದ್ವು. ಆ ಗಂಟಿನ್ಯಾಗ ರೈಜೋಬಿಯಂ ಅಂತ ಬ್ಯಾಕ್ಟೀರಿಯಾ ಇರ್ತಾವ, ಗಾಳಿಯೊಳಗಿನ ನೈಟ್ರೋಜನ್ ಹಿಡಿದು ಗಿಡಕ್ಕ ಗೊಬ್ಬರ ಮಾಡಿ ಕೊಡ್ತಾವ, ಒಳಗ ಕೆಂಪದ ಅಂದ್ರ ಕೆಲಸ ನಡದದ, ಹಸಿರೋ ಕಂದೋ ಆಗ್ಯಾದ ಅಂದ್ರ ಕೆಲಸ ನಿಂತದ ಅಂತ ಹೇಳಿದ್ರು. ನಮ್ಮ ರಕ್ತದಾಗ ಇರೋ ಕೆಂಪು ಹಿಮೋಗ್ಲೋಬಿನ್‌ಗೆ ತಮ್ಮ ಆಗಬೇಕಾದ ಒಂದು ವಸ್ತು ಆ ಗಂಟಿನ್ಯಾಗ ಅದ ಅಂದಾಗ ನನಗೂ ಆಶ್ಚರ್ಯ. ನಾ ದಾಲ್ ಮಿಲ್‌ನ್ಯಾಗ ಲೆಕ್ಕ ಬರಿಯಾಂವ, ದಿನಾ ತೊಗರಿ ಚೀಲ ಎಣಸ್ತೀನಿ, ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಸೀಮಿದೇ ಬೆಳಿ ಅನ್ನೋ ಸರ್ಕಾರಿ ಗುರುತು, ಬಂದದ ಅಂತ ಮಂದಿಗೆ ಹೇಳ್ತೀನಿ, ಆದ್ರ ಅದರ ಬೇರು ಹಿಂಗ ಒಡದು ನೋಡಿದ್ದಿಲ್ಲ. ತೊಗರಿ ಆದ ಹೊಲಕ್ಕ ಮುಂದ ಜ್ವಾಳ ಚಲೋ ಬರ್ತದ ಅಂತ ನಮ್ಮಪ್ಪ ಅಂತಿದ್ದ, ಯಾಕ ಅಂತ ನಾವೂ ಕೇಳ್ಲಿಲ್ಲ.

ಎರಡನೇದು ಕಲ್ಲಿನ ಟೇಬಲ್. ಭೂವಿಜ್ಞಾನ ಓದಿದ ಮೇಡಂ ಒಬ್ಬರು ನೆಲಕ್ಕ ಹಾಸೋ ಶಹಾಬಾದ್ ಪರ್ಸಿ ಚೂರು ಮತ್ತ ಕರಿಕಲ್ಲು ಇಟ್ಟಿದ್ರು. ಮೊಳಿಯಿಂದ ಪರ್ಸಿ ಕೆರೆದು ಆ ಪುಡಿ ಮ್ಯಾಲ ವಿನೆಗರ್ ಹನಿಸಿದ್ರ ಬುರುಬುರು ಗುಳ್ಳಿ, ಕರಿಕಲ್ಲಿನ ಮ್ಯಾಲ ಏನೂ ಇಲ್ಲ. ಪರ್ಸಿ ಸುಣ್ಣದಕಲ್ಲು, ಅದರಾಗಿಂದ ಕಾರ್ಬನ್ ಡೈಆಕ್ಸೈಡ್ ಬರ್ತದ, ಕರಿಕಲ್ಲು ಲಾವಾ ಆರಿ ಆದದ್ದು. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ಯಾಕ ಅವ ಅಂದ್ರ ಇದೇ ಸುಣ್ಣದಕಲ್ಲಿಗೆ ಅಂತ ಹೇಳಿದ್ರು. ನಮ್ಮ ಹುಡುಗ ನಿದ್ದಿ ಬಿಟ್ಟು ಕೇಳಿದ್ದು ಏನು ಗೊತ್ತೇನ್ರಿ, "ಮೇಡಂ, ಕಲ್ಲು ಕೆರೆಯೋದಕ್ಕ ನಿಮಗ ಪಗಾರ ಕೊಡ್ತಾರಾ?" ಕೊಡ್ತಾರ ಅಂದ್ರು, ಸುಣ್ಣ ಎಷ್ಟದ ಅಂತ ನೋಡ್ದೇನ ಕಲ್ಲು ಭಟ್ಟಿಗೆ ಹಾಕಂಗಿಲ್ಲ, ಅದನ್ನ ನೋಡೋದೇ ಒಂದು ನೌಕರಿ ಅಂದ್ರು. ಡಾಕ್ಟರ್, ಇಂಜಿನಿಯರ್ ಬಿಟ್ಟು ಮೂರನೇದು ಒಂದು ಕೆಲಸ ಅದ ಅಂತ ನಮ್ಮ ಮನ್ಯಾಗ ಯಾರಾದ್ರೂ ಹುಡುಗೂರಿಗೆ ಹೇಳಿದ್ದು ನನಗ ನೆನಪಿಲ್ಲ.

ಐತವಾರ ವೆಟರ್ನರಿ ಡಾಕ್ಟರ್ ಒಬ್ಬರು ಬೀದರಿನಿಂದ ಬಂದಿದ್ರು, ಜೊತಿಗೆ ಒಂದು ಆಡು. ಪಾಪ ಆಡು ಬಾಳ ಶಾಂತ ಇತ್ತು. ಚಾರ್ಟ್ ಪೇಪರ್ ಸುತ್ತಿ ಕೊಳವಿ ಮಾಡ್ಸಿ ಮೊದಲು ಒಬ್ಬರ ಎದಿ ಒಬ್ಬರು ಕೇಳಿದ್ರು, 1816ರಾಗ ಲೆನೆಕ್ ಅನ್ನೋ ಫ್ರೆಂಚ್ ಡಾಕ್ಟರ್ ಹಿಂಗೇ ಕಾಗದ ಸುತ್ತಿ ಸ್ಟೆತೋಸ್ಕೋಪ್ ಶುರು ಮಾಡಿದ್ನಂತ. ಆಮ್ಯಾಲ ಖರೆ ಸ್ಟೆತೋಸ್ಕೋಪ್ ಹಚ್ಚಿ ಆಡಿನ ಎದಿ ಬಡಿತ ಎಣಿಸಿದ್ರು, ನಿಮಿಷಕ್ಕ 70ರಿಂದ 90 ಬರಬೇಕಂತ, ನನ್ನ ಮಗಳದು 84 ಬಂತು, ಇನ್ನೊಂದು ಹುಡುಗಿದು 140, ಅದು ಆಡಿಂದೋ ಅಕಿದೋ ದೇವರಿಗೇ ಗೊತ್ತು. ಎಡಪಕ್ಕಿಗೆ ಹಚ್ಚಿದ್ರ ಹೊಟ್ಟಿ ಮೇವು ತಿರುವೋ ಸಪ್ಪಳ ದೂರದ ಗುಡುಗಿನಂಗ ಕೇಳ್ತದ, ನಾನೂ ಪಾಳಿ ನಿಂತು ಕೇಳಿದೆ.

ಇನ್ನ ಬೈಯೋದು. ಡ್ರೋನ್ ಟೇಬಲ್‌ನ್ಯಾಗ ಯಾರಿಗೂ ಮುಟ್ಟಾಕ ಬಿಡಲಿಲ್ಲ, ಕೈಯಿಂದ ಮಾಡ್ಸ್ತೀವಿ ಅಂದು ಇದೇನು? ಸ್ಲೈಡ್ ಎಲ್ಲಾ ಇಂಗ್ಲಿಷ್, ಅರ್ಧ ಹುಡುಗೂರು ಕನ್ನಡ ಸಾಲಿಯವು. ಮೈಕ್ರೋಸ್ಕೋಪ್ ಎರಡೇ, ಪಾಳಿ ಬರೋದ್ರಾಗ ಉಳ್ಳಾಗಡ್ಡಿ ಸಿಪ್ಪಿ ಒಣಗಿ ಹೋಗಿತ್ತು. ಲೋಹದಾಗ ಬೆಳ್ಳಿ ಕೂಡಿಸೋ ಬಿದರಿ ಕೆಲಸದ ಬಗ್ಗಿ ಬರೀ ಫೋಟೊ ತೋರಿಸಿದ್ರು, ನನಗ ಅದೇ ಹೆಚ್ಚು ಬ್ಯಾಸರ. ಸತುವು ತಾಮ್ರ ಕೂಡಿಸಿದ ಲೋಹಕ್ಕ ಬೀದರ್ ಕೋಟೆ ಮಣ್ಣು, ನವಸಾಗರ ಕಲಿಸಿ ಹಚ್ಚಿದ್ರ ಲೋಹ ಕರ್ರಗಾಗಿ ಬೆಳ್ಳಿ ಗೆರಿ ಅಷ್ಟೇ ಬೆಳ್ಳಗ ಉಳೀತದ, ಇದಕ್ಕಿಂತ ಚಲೋ ಕೆಮಿಸ್ಟ್ರಿ ಪಾಠ ನಮ್ಮ ಸೀಮ್ಯಾಗ ಇನ್ನೊಂದು ಎಲ್ಲದ? ಕಸುಬಿನವರು ಒಬ್ಬರನ್ನ ಕರ್ಕೊಂಡು ಬಂದು ಕಣ್ಮುಂದ ಮಾಡ್ಸಿದ್ರ ಡ್ರೋನ್ ಬೇಕೇ ಇರ್ಲಿಲ್ಲ.

ಕಡೀಗೆ ತಾಯಿ ತಂದಿನ್ನ ಬ್ಯಾರೆ ಕೂಡಿಸಿ ಐದನೇತ್ತದಿಂದಲೇ ಫೌಂಡೇಶನ್ ಕೋಚಿಂಗ್ ಅಂತ 30 ಸಾವಿರದ ಫಾರ್ಮ್ ಹಂಚಿದ್ರು. ಎದ್ದು ಹೊರಗ ಬಂದು ಚಹಾ ಕುಡಿದೆ.

ಐದು ಸ್ಟಾರ್‌ಗೆ ಮೂರೂವರೆ ಕೊಡ್ತೀನಿ. ಮುಂದಿನ ಬ್ಯಾಚಿಗೆ ಕಳಸೋರು ಹತ್ತೂವರೆಗೆ ಹೋಗ್ರಿ, ಭಾಷಣ ತಪ್ಪತದ. ಹಳೀ ಅರಿವಿ ಹಾಕಿ ಕಳಸ್ರಿ, ಎರಿ ಮಣ್ಣಿನ ಕಲಿ ನಮ್ಮವು ಇನ್ನೂ ಹೋಗಿಲ್ಲ. ರೊಕ್ಕದ ಅಡಚಣಿ ಇದ್ರ ನಮ್ಮ ಊರಾಗೇ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಅದ, ಅಲ್ಲಿಗೆ ಮೊದಲು ಕರ್ಕೊಂಡು ಹೋಗ್ರಿ. ಹುಡುಗ ಅಫಜಲಪುರಕ್ಕ ಹೋಗೋ ಮುಂದ ನಮ್ಮ ಅಡುಗಿಮನಿ ಪರ್ಸಿ ಕೆರೆದು ನಿಂಬಿಹುಳಿ ಹಿಂಡ್ಯಾನ, ನನ್ನ ಹೆಂಡತಿ ಇನ್ನೂ ಸಿಟ್ಟಿನ್ಯಾಗ ಅದಾಳ.