ಬಸುರಿಯ ತಲೆನೋವು ಮತ್ತು 9ನೇ ತಾರೀಖಿನ ತಪಾಸಣೆ

ಐದು ತಿಂಗಳು ದಾಟಿದ ಬಸುರಿಗೆ ತಲೆನೋವು ಅಂದ್ರೆ ಸುಮ್ನೆ ಬಾಮ್ ಹಚ್ಚಿ ಮಲಗಿಸಬೇಡಿ. ಮೊದಲು ಬಿಪಿ ನೋಡಿಸಿ. ಬಸುರಿಯಾಗಿದ್ದಾಗ ತಲೆನೋವು ಬಂದು ನಾನು ಹೋಗಿದ್ದು ನಮ್ಮ ಹೋಬಳಿಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳು 9ಕ್ಕೆ ತಪಾಸಣೆ ಉಚಿತ. ಬಿಪಿ, ತೂಕ, ರಕ್ತ, ಮೂತ್ರ ಎಲ್ಲ ನೋಡಿ ತಾಯಿ ಕಾರ್ಡ್‌ನಲ್ಲಿ ಬರೆಯುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಡಾಕ್ಟರಮ್ಮ ಕೇಳಿದ ರೀತಿ. "ಕಾಫಿ ಒಮ್ಮೆಲೇ ಬಿಟ್ರಾ? ನಿದ್ದೆ ಹೇಗಿದೆ? ತಿಂಡಿ ಸೇರುತ್ತಾ?" ವಾಂತಿಯಿಂದಾಗಿ ನನಗೆ ಬೆಳಿಗ್ಗೆ ಏನೂ ಸೇರುತ್ತಿರಲಿಲ್ಲ. ಹೊಟ್ಟೆ ಖಾಲಿ ಬಿಡಬೇಡಿ, ಸ್ವಲ್ಪ ಸ್ವಲ್ಪವೇ ತಿನ್ನಿ, ನೀರು ಜಾಸ್ತಿ ಕುಡಿಯಿರಿ, ಕತ್ತಲೆ ಕೋಣೆಯಲ್ಲಿ ಹಣೆಗೆ ತಣ್ಣೀರ ಬಟ್ಟೆ ಹಾಕಿಕೊಳ್ಳಿ ಅಂದರು. ತಡೆಯದಿದ್ದರೆ ಮಾತ್ರ ಪ್ಯಾರಸಿಟಮಾಲ್, ಅದೂ ಅವರು ಬರೆದಷ್ಟೇ. ಅಂಗಡಿಯಲ್ಲಿ ಕೇಳಿ ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆ ನುಂಗಲೇಬಾರದು, 20 ವಾರದ ನಂತರ ಅದು ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದು. ಇಷ್ಟು ಬಿಡಿಸಿ ಹೇಳುವವರು ಸಿಗೋದು ದೊಡ್ಡ ವಿಷಯ ಅಲ್ವಾ? ವಾರದೊಳಗೆ ನೋವು ಕಡಿಮೆಯಾಯಿತು.

ಸಾಲು ಮಾತ್ರ ಉದ್ದ. ಬೆಂಚು ಸಾಲದೆ ತುಂಬು ಬಸುರಿಯರು ನಿಂತಿದ್ದರು, ಅದು ನೋಡಲಾಗಲಿಲ್ಲ. ಜೊತೆಗೊಬ್ಬರನ್ನು ಕರೆದೊಯ್ಯಿರಿ.

ಬಿಪಿ 140/90 ಮುಟ್ಟಿದರೆ, ಕಣ್ಣು ಮಂಜಾದರೆ, ಮುಖ ಊದಿದರೆ, ಪಕ್ಕೆಲುಬಿನ ಕೆಳಗೆ ನೋವಿದ್ದರೆ 9ನೇ ತಾರೀಖಿಗೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.