ಈರುಳ್ಳಿ ಬೀಜ ಸೈ, ಕ್ಯಾರೆಟ್ ಬೀಜ ಅಷ್ಟಕ್ಕಷ್ಟೆ

ತೀರ್ಥಹಳ್ಳಿ ಪೇಟೆಯ ಅಂಗಡಿಯೊಂದರಲ್ಲಿ ಎರಡೂ ಬೀಜ ತಂದಿದ್ದೆ. ಈರುಳ್ಳಿ ಅರ್ಕಾ ನಿಕೇತನ್, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಮಳೆ ಬಿಟ್ಟ ಮೇಲೆ ಮಡಿಗೆ ಚೆಲ್ಲಿದೆ, ಒತ್ತಾಗಿ ಹುಟ್ಟಿತು. ಆರೇಳು ವಾರಕ್ಕೆ ಸಸಿ ಕಿತ್ತು ನೆಟ್ಟೆ. ಗಡ್ಡೆ ಗಟ್ಟಿಯಾಗಿ ಬಂತು, ಖಾರವೂ ಜೋರು. ಅಮ್ಮನಿಗೆ ಗೊಜ್ಜಿಗೆ ಅದೇ ಬೇಕು.

ಕ್ಯಾರೆಟ್ ಪ್ಯಾಕೆಟ್ ಮೇಲಿನ ತಾರೀಖು ಅಳಿಸಿಹೋಗಿತ್ತು. ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಅಂಗಡಿಯವರನ್ನು ಕೇಳಿದರೆ ‘ನೀರು ಜಾಸ್ತಿ ಆಗಿರ್ಬೇಕು ಬಿಡಿ’ ಅಂದರು! ಬಂದದ್ದು ಮಾತ್ರ ಸಿಹಿ. ಕೆಲವು ಕವಲೊಡೆದವು, ಅದು ಬೀಜದ ತಪ್ಪಲ್ಲ, ನಮ್ಮ ಜಂಬಿಟ್ಟಿಗೆ ಮಣ್ಣಿನದು. ಕಲ್ಲು ಆರಿಸಿ, ಮರಳು, ಹಳೇ ಗೊಬ್ಬರ ಬೆರೆಸಿ ಏರುಮಡಿಗೇ ನೇರ ಬಿತ್ತಿ. ಈರುಳ್ಳಿಗಾದರೆ ಆ ಅಂಗಡಿಗೇ ಹೋಗುತ್ತೇನೆ. ಕ್ಯಾರೆಟ್‌ಗೆ ತಾರೀಖು ನೋಡದೆ ದುಡ್ಡು ಕೊಡಲ್ಲ.