ಮನೆ ಬಾಗಿಲಿನಿಂದ ಕಸ ಒಯ್ಯುವ ಖಾಸಗಿ ಸೇವೆ: ನಾಲ್ಕು ತಿಂಗಳ ಅನುಭವ

ವಿಜಯಪುರದ ಸೊಲ್ಲಾಪುರ ರಸ್ತೆಯ ಕಡೆ ಇರುವ ನಮ್ಮ 24 ಮನೆಗಳ ಅಪಾರ್ಟ್‌ಮೆಂಟಿಗೆ ನಾಲ್ಕು ತಿಂಗಳಿನಿಂದ ಖಾಸಗಿ ಸಂಸ್ಥೆಯೊಂದರವರು ಕಸ ಒಯ್ಯಲು ಬರುತ್ತಿದ್ದಾರೆ. ಮನೆಗೆ ತಿಂಗಳಿಗೆ 120 ರೂಪಾಯಿ. ಬೆಳಿಗ್ಗೆ ಏಳೂವರೆಯೊಳಗೆ ಬರುತ್ತಾರೆ, ಹಬ್ಬದ ಮರುದಿನವೂ ತಪ್ಪಿಸಿಲ್ಲ, ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತಿ ಬಂದಿದ್ದಾರೆ. ನನ್ನ ತಕರಾರು ಇರುವುದು ಅವರು ಮೊದಲ ದಿನ ಕೊಟ್ಟ ಕಾರ್ಡಿನ ಒಂದೇ ಸಾಲಿನ ಬಗ್ಗೆ: "ನಗರ ಘನತ್ಯಾಜ್ಯ ಮಾತ್ರ ಸ್ವೀಕರಿಸಲಾಗುವುದು." ಆ ಮಾತಿನೊಳಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಕಾರ್ಡು ಹೇಳುವುದಿಲ್ಲ, ಕೇಳಿದರೆ ಕಚೇರಿಯವರೂ ಹೇಳಲಿಲ್ಲ.

ಹಾಗೆ ನೋಡಿದರೆ ಆ ಹೆಸರೇ ಹಳೆಯದು. ಕೇಂದ್ರ ಸರ್ಕಾರದ 2000ರ ಕಸ ನಿರ್ವಹಣೆ ನಿಯಮಗಳಲ್ಲಿ ನಗರ ಘನತ್ಯಾಜ್ಯ ಎಂದರೆ ಪಟ್ಟಣದ ಮನೆ ಮತ್ತು ಅಂಗಡಿಗಳ ಗಟ್ಟಿ ಅಥವಾ ಅರೆಗಟ್ಟಿ ಕಸ ಎಂದಿತ್ತು. ಕೈಗಾರಿಕೆಯ ಅಪಾಯಕಾರಿ ತ್ಯಾಜ್ಯವನ್ನು ಹೊರಗಿಟ್ಟು, ಸಂಸ್ಕರಿಸಿದ ಆಸ್ಪತ್ರೆ ತ್ಯಾಜ್ಯವನ್ನು ಒಳಗೆ ಸೇರಿಸಿದ್ದರು. 2016ರ ಏಪ್ರಿಲ್‌ನಲ್ಲಿ ಬಂದ ನಿಯಮಗಳು 'ನಗರ' ಎಂಬ ಪದವನ್ನೇ ಕೈಬಿಟ್ಟು ಬರೀ 'ಘನತ್ಯಾಜ್ಯ' ಎಂದು ಕರೆದು, ಅದರೊಳಗೆ ಮನೆಯ ಕಸ, ಸ್ಯಾನಿಟರಿ ತ್ಯಾಜ್ಯ, ಹೋಟೆಲು ಮತ್ತು ಸಂತೆಯ ಕಸ, ರಸ್ತೆ ಗುಡಿಸಿದ ಧೂಳು, ತೆರೆದ ಗಟಾರದಿಂದ ಎತ್ತಿದ ಹೂಳು, ತೋಟ, ಹೊಲ ಮತ್ತು ಹೈನದ ಕಸ ಎಲ್ಲವನ್ನೂ ಎಣಿಸಿದವು. ಇ-ತ್ಯಾಜ್ಯ, ಬ್ಯಾಟರಿ, ಕೈಗಾರಿಕಾ ತ್ಯಾಜ್ಯ, ಸಂಸ್ಕರಿಸದ ಆಸ್ಪತ್ರೆ ತ್ಯಾಜ್ಯ, ವಿಕಿರಣ ತ್ಯಾಜ್ಯ ಇವು ಹೊರಗೆ ಉಳಿದವು. 'ಅರೆಗಟ್ಟಿ' ಎಂಬ ಮಾತಿರುವುದರಿಂದಲೇ ನಮ್ಮ ಹಳಸಿದ ಅನ್ನ, ಪಲ್ಯವೂ ಘನತ್ಯಾಜ್ಯವಾಗುತ್ತವೆ. ಚಳಿಗಾಲದಲ್ಲಿ ತಾರಸಿಯ ಮೇಲೆ ಸೀತನಿ (ಜೋಳದ ಎಳೆ ತೆನೆ) ಸುಟ್ಟು ತಿಂದು ಉಳಿಸಿದ ಎರಡು ಚೀಲ ಹೊಟ್ಟನ್ನು ಇವರು ಹಸಿಕಸದಲ್ಲಿ ಸೇರಿಸಿ ಮರುಮಾತಿಲ್ಲದೆ ಒಯ್ದರು.

ಜಗಳ ಹುಟ್ಟಿದ್ದು ಮೂರನೆಯ ಮಹಡಿಯಲ್ಲಿ. ಅಲ್ಲಿಯವರು ಅಡುಗೆಮನೆಯ ನೆಲ ಕಿತ್ತಿಸಿ, ಫರಸಿ ಚೂರು ಮತ್ತು ಸಿಮೆಂಟ್ ಗಾರೆಯನ್ನು ಮೂರು ಗೋಣಿಚೀಲಗಳಲ್ಲಿ ತುಂಬಿ ಬಾಗಿಲ ಹೊರಗೆ ಇಟ್ಟಿದ್ದರು. ಕಸದ ಹುಡುಗ ಒಂದು ಚೀಲದ ಬಾಯಿ ಬಿಚ್ಚಿ ನೋಡಿ, ಮತ್ತೆ ಗಂಟು ಹಾಕಿ, "ಅಕ್ಕಾರ, ಇದು ನಮ್ಮ ಕಸ ಅಲ್ರೀ" ಎಂದು ಹೋಗಿಬಿಟ್ಟ. ದುಡ್ಡು ಕೊಟ್ಟೂ ಒಯ್ಯುವುದಿಲ್ಲವೆಂದರೆ ಹೇಗೆ ಎಂದು ಆ ಮನೆಯವರು ಸಭೆಯಲ್ಲಿ ಕೂಗಾಡಿದರೂ ನ್ಯಾಯ ಹುಡುಗನ ಕಡೆಗೇ ಇತ್ತು. ಕಟ್ಟಡದ ಅವಶೇಷಕ್ಕೆ 2016ರ ಮಾರ್ಚ್‌ನಲ್ಲೇ ಬೇರೆ ನಿಯಮ ಬಂದಿತ್ತು. ಅದನ್ನು ಬೇರೆಯಾಗಿ ಇಟ್ಟು, ಬೇರೆಯಾಗಿಯೇ ಸಾಗಿಸಬೇಕು.

ಆದರೆ ಇದೇ ಸಂಸ್ಥೆಯವರು ಮಕ್ಕಳ ಡೈಪರ್ ಮತ್ತು ಸ್ಯಾನಿಟರಿ ಪ್ಯಾಡ್‌ಗಳನ್ನು, ಕಾಗದದಲ್ಲಿ ಬಿಗಿಯಾಗಿ ಸುತ್ತಿ ಕೊಟ್ಟರೂ, "ಇದು ಆಸ್ಪತ್ರೆ ಕಸ" ಎಂದು ಬುಟ್ಟಿಯಲ್ಲೇ ಬಿಟ್ಟು ಹೋಗುತ್ತಾರೆ. ಇದು ಶುದ್ಧ ತಪ್ಪು. 2016ರ ವ್ಯಾಖ್ಯೆಯಲ್ಲೇ ಸ್ಯಾನಿಟರಿ ತ್ಯಾಜ್ಯ ಹೆಸರು ಹಿಡಿದು ಸೇರಿತ್ತು, ಸುತ್ತಿ ಒಣಕಸದ ಬುಟ್ಟಿಗೆ ಹಾಕಬೇಕೆಂದೂ ಆ ನಿಯಮಗಳಲ್ಲಿ ಬರೆದಿತ್ತು. ಎರಡನೆಯ ಮಹಡಿಯ ಎಳೆಮಗುವಿನ ಮನೆಯವರು ನಾಲ್ಕು ದಿನದ ಡೈಪರುಗಳನ್ನು ಬಾಲ್ಕನಿಯಲ್ಲಿ ಕೂಡಿಟ್ಟುಕೊಂಡು, ಕೊನೆಗೆ ರಾತ್ರಿ ಹೊತ್ತು ಎಲ್ಲಿ ಎಸೆದು ಬಂದರೋ ನಾನು ಕೇಳಲಿಲ್ಲ.

ಇನ್ನೊಂದು ದಿನ ನಾನು ಕೊಟ್ಟ ಕೆಟ್ಟ ಟ್ಯೂಬ್‌ಲೈಟು ಬುಟ್ಟಿಯಲ್ಲಿ ಹಿಡಿಸಲಿಲ್ಲವೆಂದು ಅದೇ ಹುಡುಗ ಅದನ್ನು ಚಪ್ಪಲಿಗಾಲಿನಿಂದ ಮುರಿದು, ಎರಡು ತುಂಡು ಮಾಡಿ, ಒಣಕಸದಲ್ಲಿ ತುರುಕಿದ. ಬಿಳಿ ಪುಡಿ ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಟ್ಯೂಬ್‌ಲೈಟಿನೊಳಗೆ ಪಾದರಸ ಇರುತ್ತದೆ. ಅವಧಿ ಮುಗಿದ ಔಷಧಿ, ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಬಳಸಿದ ಸೂಜಿಗಳಂತೆ ಇದೂ 2016ರ ನಿಯಮಗಳಲ್ಲಿ ಮನೆಯ ಅಪಾಯಕಾರಿ ಕಸದ ಪಟ್ಟಿಯಲ್ಲಿದ್ದು, ಹಸಿಕಸ ಒಣಕಸಗಳ ಜೊತೆ ಮೂರನೆಯದಾಗಿ ಬೇರೆ ಇಡಬೇಕೆಂದಿತ್ತು. ಇವರ ಗಾಡಿಯಲ್ಲಿ ಆ ಮೂರನೆಯ ಡಬ್ಬವೇ ಇಲ್ಲ. ಹುಡುಗನನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಅವನ ಕೈಗೆ ಒಂದು ಜೊತೆ ಗ್ಲೌಸ್ ಕೂಡ ಕೊಟ್ಟಿಲ್ಲ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಮೂರೂ ಆ ಹುಡುಗನ ಸಮಯಪಾಲನೆಗೆ. ಸಂಸ್ಥೆಯವರು ಕಾರ್ಡಿನ ಹಿಂಬದಿಯಲ್ಲಿ ಒಯ್ಯುವ ಮತ್ತು ಒಯ್ಯದಿರುವ ವಸ್ತುಗಳನ್ನು ಅಚ್ಚು ಹಾಕಿಸಿ, ಗಾಡಿಗೆ ಮೂರನೆಯ ಡಬ್ಬ ಕಟ್ಟಿಸಿದರೆ ನಮ್ಮ ಅರ್ಧ ಜಗಳ ತಪ್ಪುತ್ತದೆ. ಈ ಸೇವೆ ಹಿಡಿಯುವ ವಿಚಾರದಲ್ಲಿರುವವರು ಡೈಪರ್ ಒಯ್ಯುವಿರೋ ಇಲ್ಲವೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ಮನೆ ರಿಪೇರಿ ಇದ್ದವರು ಟ್ರ್ಯಾಕ್ಟರನ್ನು ಬೇರೆಯಾಗಿಯೇ ಗೊತ್ತು ಮಾಡಿಕೊಳ್ಳಿ.